ಬಣ್ಣ ಕಾಯುವ ಬಿಳಿ ಕುದುರೆಗಳು

ಅಮೆರಿಕದ ಬ್ರೇಯರ್ ಕುದುರೆ ಹುಟ್ಟಿದ್ದು ಗಡಿಯಾರದ ಅಲಂಕಾರಕ್ಕೆಂದು. 1950ರಲ್ಲಿ ಷಿಕಾಗೊದ ಬ್ರೇಯರ್ ಮೋಲ್ಡಿಂಗ್ ಕಂಪನಿ ಗಡಿಯಾರವೊಂದರ ಜೊತೆ ನಿಲ್ಲಿಸಲು ಪ್ಲಾಸ್ಟಿಕ್ ಕುದುರೆ ಮಾಡಿಕೊಟ್ಟಿತು. ಗಡಿಯಾರ ಇರಲಿ, ಕುದುರೆಯನ್ನಷ್ಟೇ ಕೊಡಿ ಎಂದು ಜನ ಕೇಳತೊಡಗಿದರು. ಬರುಬರುತ್ತ ಕಂಪನಿಯ ಹೆಸರೆಂದರೆ ಕುದುರೆ ಎಂಬಂತಾಯಿತು. 1984ರಲ್ಲಿ ಒಡೆತನ ಬದಲಾಗಿ ಕಂಪನಿ ನ್ಯೂಜೆರ್ಸಿಗೆ ಹೋಯಿತು. ಕುದುರೆ ಮಾಡುವುದು ಮಾತ್ರ ನಿಂತಿಲ್ಲ.

ಅಂಗಡಿಯ ಹೆಚ್ಚಿನ ಕುದುರೆಗಳು ಬಣ್ಣ ಬಳಿಸಿಕೊಂಡೇ ಬರುತ್ತವೆ. ಅವುಗಳ ನಡುವೆ ಇನ್ನೊಂದು ಬಗೆಯ ಪೆಟ್ಟಿಗೆಯೂ ಇರುತ್ತದೆ: ಒಳಗೆ ಬೋಳು ಬಿಳಿಯ ಪುಟ್ಟ ಕುದುರೆಗಳು, ಸಣ್ಣ ಕುಡಿಕೆಗಳಲ್ಲಿ ಬಣ್ಣ, ಒಂದು ಕುಂಚ. ಮಕ್ಕಳ ರಜೆಗೆಂದು ಮಾಡಿದ ಸೆಟ್ಟು ಇದು. ದೊಡ್ಡವರೂ ಸಂಕೋಚವಿಲ್ಲದೆ ಕೊಳ್ಳುತ್ತಾರೆ. ಪೆಟ್ಟಿಗೆಯಲ್ಲಿ ಕುದುರೆಯೇ ಮುಖ್ಯ, ಕುಂಚವಲ್ಲ. ಸಾಧ್ಯವಾದರೆ ಮೊನೆ ಚೂಪಾದ ಬೇರೊಂದು ಕುಂಚ ತಂದುಕೊಳ್ಳುವುದು ಒಳ್ಳೆಯದು, ಕಣ್ಣು ಬಿಡಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ಈ ಪುಟ್ಟ ಅಳತೆಗೆ ಸ್ಟೇಬಲ್‌ಮೇಟ್ ಎಂದು ಹೆಸರು. ನಿಜವಾದ ಕುದುರೆಯ 32ರಲ್ಲಿ ಒಂದು ಪಾಲು. 1975ರಲ್ಲಿ ಬಂದ ಮೊದಲ ಸ್ಟೇಬಲ್‌ಮೇಟ್‌ಗಳ ಮೂಲ ಶಿಲ್ಪ ಮಾಡಿದವರು ಪಿಂಗಾಣಿ ಪ್ರಾಣಿಗಳಿಗೆ ಹೆಸರಾದ ಕಲಾವಿದೆ ಮೌರೀನ್ ಲವ್. ಇವಕ್ಕಿಂತ ದೊಡ್ಡವಾದ, 9ರಲ್ಲಿ ಒಂದು ಪಾಲಿನ 'ಟ್ರೆಡಿಷನಲ್' ಕುದುರೆಗಳು ಸೆಲ್ಯುಲೋಸ್ ಅಸಿಟೇಟಿನವು. ಎರಡು ಹೋಳಾಗಿ ಅಚ್ಚಿನಿಂದ ಬಂದದ್ದನ್ನು ಅಂಟಿಸಿ, ಕೂಡಿದ ಗೆರೆಯನ್ನು ಉಜ್ಜಿ ಮರೆಮಾಡುತ್ತಾರೆ. ಬಿಸಿಗಾಳಿ ತಾಗಿದರೆ ಈ ಪ್ಲಾಸ್ಟಿಕ್ಕು ಬಾಗುತ್ತದೆ. ನುರಿತ ಹವ್ಯಾಸಿಗಳು ಕತ್ತು ತಿರುಗಿಸುತ್ತಾರೆ, ನಿಂತ ಕಾಲನ್ನು ಎತ್ತಿಸುತ್ತಾರೆ, ಬಾಲ ಕತ್ತರಿಸಿ ಎಪಾಕ್ಸಿ ಪುಟ್ಟಿಯಲ್ಲಿ ಹೊಸದು ಮಾಡಿ ಕೂರಿಸುತ್ತಾರೆ.

ಬಣ್ಣದ ವಿಷಯಕ್ಕೆ ಬಂದಾಗಲೇ ಕುದುರೆಯನ್ನು ನಾವು ಎಷ್ಟು ಕಡಿಮೆ ನೋಡಿದ್ದೇವೆ ಎಂದು ತಿಳಿಯುವುದು. ಕಂದು ಬಳಿದರೆ ಆಯಿತಲ್ಲ? ಆಗಲಿಲ್ಲ. 'ಬೇ' ಕುದುರೆಯ ಮೈ ಕಂದಾದರೂ ಕೇಸರ, ಬಾಲ, ಕಾಲಿನ ಕೆಳಭಾಗ ಕಪ್ಪು. 'ಚೆಸ್ಟ್‌ನಟ್'ಗೆ ಆ ಕಪ್ಪು ಕೂದಲು ಕೂಡದು. ಬೂದು ಕುದುರೆ ಹುಟ್ಟುವಾಗ ಸಾಮಾನ್ಯವಾಗಿ ಗಾಢ ಬಣ್ಣದ್ದು, ವರ್ಷ ಕಳೆದಂತೆ ಬೆಳ್ಳಗಾಗುತ್ತ ಹೋಗುತ್ತದೆ. ಬೂದು ಬಳಿಯಲು ಹೊರಟವರು ಮೊದಲು ಅದರ ವಯಸ್ಸೆಷ್ಟು ಎಂದು ತೀರ್ಮಾನಿಸಬೇಕು. ಹಣೆಯ ಬಿಳಿ ಪಟ್ಟೆ ಮೂತಿಯವರೆಗೆ ಇಳಿದಿದ್ದರೆ ಅಲ್ಲಿನ ಚರ್ಮ ಗುಲಾಬಿಯಾಗಬೇಕು. ಹೀಗೆ ಬಣ್ಣ ಬಳಿದ ಆಟಿಕೆ ಕುದುರೆಗಳ ಪ್ರದರ್ಶನಗಳಲ್ಲಿ ತೀರ್ಪುಗಾರರು ಕೈಚಳಕಕ್ಕೆ ಮಾರುಹೋಗಿ ಸುಮ್ಮನಾಗುವುದಿಲ್ಲ, ಈ ತಳಿಗೆ ಈ ಬಣ್ಣ ಬರಲು ಸಾಧ್ಯವೇ ಎಂದೂ ನೋಡುತ್ತಾರೆ. ಹಾಗಾಗಿ ಆಟಿಕೆಗೆ ಬಣ್ಣ ಹಚ್ಚುವವರಲ್ಲಿ ಕೆಲವರು ಆನುವಂಶಿಕ ವಿಜ್ಞಾನ ಓದಿಕೊಂಡಿರುತ್ತಾರೆ.

ಕೆಲಸದ ಕ್ರಮ ನಿಧಾನದ್ದು. ಕುದುರೆಯನ್ನು ಸೋಪಿನಲ್ಲಿ ತೊಳೆದು ಒಣಗಿಸಿ, ತೆಳ್ಳಗೆ ಪ್ರೈಮರ್ ಹೊಡೆಯಬೇಕು. ಪಳಗಿದವರಲ್ಲಿ ಹಲವರು ಒಣ ಪ್ಯಾಸ್ಟೆಲ್ಲಿನ ಪುಡಿಯನ್ನು ಕುಂಚದಿಂದ ತಿಕ್ಕಿ, ಮೇಲೆ ಮ್ಯಾಟ್ ಸ್ಪ್ರೇ ಹೊಡೆದು, ಮತ್ತೆ ಪುಡಿ, ಮತ್ತೆ ಸ್ಪ್ರೇ ಎಂದು ಪದರದ ಮೇಲೆ ಪದರ ಏರಿಸುತ್ತಾರೆ. ಮೂಗಿಗೆ ಮಾಸ್ಕ್ ಬೇಕೇ ಬೇಕು.

ಸಂಗ್ರಹಕಾರರದು ಈ ಬಣ್ಣಗಾರರಿಗೆ ತದ್ವಿರುದ್ಧ ಜಾತಿ. ಕಾರ್ಖಾನೆಯ ಬಣ್ಣ ಹಾಗೇ ಇರಬೇಕು, ಒಂದು ಚೂರು ತಿದ್ದಿದರೂ ಬೆಲೆ ಬಿತ್ತು. ಕಿವಿ ಮುರಿದದ್ದು, ಮೈ ತರಚಿದ್ದು ಅವರಿಗೆ ಬೇಡ. ಅಂಥವು 'ಬಾಡಿ' ಎಂಬ ಹೆಸರಲ್ಲಿ ಅಗ್ಗಕ್ಕೆ ಬಣ್ಣಗಾರರ ಕೈಸೇರುತ್ತವೆ. ಎರಡೂ ಪಂಗಡ ಒಟ್ಟಿಗೆ ಸೇರುವ ಜಾತ್ರೆ ಬ್ರೇಯರ್‌ಫೆಸ್ಟ್. 1990ರಲ್ಲಿ ಶುರುವಾದ ಇದು ಕೆಂಟಕಿಯ ಲೆಕ್ಸಿಂಗ್ಟನ್ನಿನ ಕುದುರೆ ಉದ್ಯಾನದಲ್ಲಿ ನಡೆಯುತ್ತದೆ, ಜೀವಂತ ಕುದುರೆಗಳೂ ಬಂದು ಕುಣಿದು ಹೋಗುತ್ತವೆ.

ತೀರ್ಪುಗಾರರಿಗೆ ತಳಿಗೆ ತಕ್ಕ ಬಣ್ಣ ಬೇಕು. ಆದರೆ ಸಂಗ್ರಹಕಾರರು ಹಣ ಸುರಿದು ಹುಡುಕುವ ಹಳೆಯ ಬ್ರೇಯರ್‌ಗಳಲ್ಲಿ ಯಾವ ತಳಿಗೂ ಇಲ್ಲದ ಬಣ್ಣದವೂ ಇವೆ. 1960ರ ದಶಕದಲ್ಲಿ ಮನೆಯ ಅಲಂಕಾರಕ್ಕೆಂದು ಕಂಪನಿ ನೀಲಿ ಕುದುರೆ, ಚಿನ್ನದ ಬಣ್ಣದ ಕುದುರೆಗಳನ್ನು ಮಾಡಿತ್ತು. ಆಗ ಕೊಳ್ಳುವವರು ಹೆಚ್ಚು ಸಿಗಲಿಲ್ಲ. ಉಳಿದವು ಕೆಲವೇ ಆದ್ದರಿಂದ ಈಗ ಅವು ಸಿಕ್ಕುವುದೇ ಕಷ್ಟ.