ಏರ್ ಪಿಸ್ತೂಲು ಕೊಳ್ಳುವ ಮುನ್ನ: ನಳಿಗೆಯ ಉದ್ದ, ಸ್ಕೋಪಿನ ಅಗತ್ಯ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರು 10 ಮೀಟರ್ ಏರ್ ಪಿಸ್ತೂಲಿನಲ್ಲಿಯೂ, ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರು 50 ಮೀಟರ್ ರೈಫಲ್‌ನಲ್ಲಿಯೂ ಕಂಚಿನ ಪದಕ ಗಳಿಸಿದರು. ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ನಮ್ಮ ಕನ್ನಡ ಶಾಲೆಯ ಮಕ್ಕಳಲ್ಲಿಯೂ ಈ ಕ್ರೀಡೆಯ ಆಸೆ ಚಿಗುರಿದರೆ ಅದು ಸಂತೋಷದ ಸಂಗತಿಯೇ. ಆದರೆ ಉದ್ದ ನಳಿಗೆ, ಮೇಲೊಂದು ಸ್ಕೋಪು ಇರುವ ಶಿಕಾರಿ ಪಿಸ್ತೂಲಿನ ಚಿತ್ರ ನೋಡಿ ಹಣ ಸುರಿಯುವ ಮುನ್ನ ಪಾಲಕರು ಕೆಲವು ವಿಷಯಗಳನ್ನು ಅರಿಯಬೇಕು.

ಮೊದಲನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೃಷ್ಣಮೃಗವನ್ನಾಗಲಿ ಮೊಲವನ್ನಾಗಲಿ ಬೇಟೆಯಾಡುವುದು ಅಪರಾಧ. ತೊಗರಿ, ಜೋಳದ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸಬೇಕೇ ಹೊರತು ಪಿಸ್ತೂಲು ಹಿಡಿಯಬಾರದು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ, 4.5 ಮಿಲಿಮೀಟರಿಗಿಂತ ದೊಡ್ಡ ರಂಧ್ರದ ಅಥವಾ 20 ಜೌಲಿಗಿಂತ ಹೆಚ್ಚು ಶಕ್ತಿಯ ಏರ್‌ಗನ್‌ಗೆ ಪರವಾನಗಿ ಬೇಕು.

ಇನ್ನು ನಳಿಗೆಯ ಉದ್ದ. ನಳಿಗೆ ಉದ್ದವಾದಷ್ಟೂ ಗಾಳಿಯು ಪೆಲೆಟನ್ನು ಹೆಚ್ಚು ಹೊತ್ತು ನೂಕುತ್ತದೆ, ವೇಗ ಹೆಚ್ಚುತ್ತದೆ. ಆದರೆ 10 ಮೀಟರ್ ದೂರದ ಕಾಗದದ ಗುರಿಗೆ ಆ ಹೆಚ್ಚಿನ ವೇಗ ಬೇಕಿಲ್ಲ. ನಿಜವಾದ ಲಾಭವಿರುವುದು ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವಿನ ಅಂತರದಲ್ಲಿ. ಆ ಅಂತರ 30 ಸೆಂಟಿಮೀಟರ್ ಇದ್ದಾಗ ಮುಂದಿನ ಸೈಟ್ 1 ಮಿಲಿಮೀಟರ್ ಸರಿದರೆ, ಗುರಿಯಲ್ಲಿ ಪೆಲೆಟ್ ಸುಮಾರು 33 ಮಿಲಿಮೀಟರ್ ತಪ್ಪುತ್ತದೆ. ಅಂತರ 40 ಸೆಂಟಿಮೀಟರ್ ಇದ್ದರೆ 25 ಮಿಲಿಮೀಟರ್. ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯುವ ಸಮರೂಪ ತ್ರಿಭುಜಗಳ ಲೆಕ್ಕವೇ ಇದು. ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್ ಎಂಬುದನ್ನು ನೆನೆದರೆ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಹಾಗೆಂದು ಅಳತೆ ಮೀರುವಂತಿಲ್ಲ. ಸ್ಪರ್ಧೆಯ ಪಿಸ್ತೂಲು 420 ಮಿಲಿಮೀಟರ್ ಉದ್ದದ ಪೆಟ್ಟಿಗೆಯಲ್ಲಿ ಹಿಡಿಸಬೇಕು, ತೂಕ 1500 ಗ್ರಾಂ ಮೀರಬಾರದು. ಮುಂಭಾರ ಹೆಚ್ಚಾದರೆ ಎಳೆಯ ಮಣಿಕಟ್ಟು ಬೇಗ ದಣಿಯುತ್ತದೆ.

ಸ್ಕೋಪಿನ ವಿಷಯ ಇನ್ನೂ ಸರಳ: ಈ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ರೈಫಲಿನ ಸ್ಕೋಪನ್ನು ಕಣ್ಣಿನ ಸಮೀಪವಿಟ್ಟು ನೋಡಬೇಕು. ಪಿಸ್ತೂಲಾದರೋ ಚಾಚಿದ ತೋಳಿನ ತುದಿಯಲ್ಲಿರುತ್ತದೆ. ಅದಕ್ಕೆಂದೇ ಮಾಡಿದ ಸ್ಕೋಪು ಹಾಕಿದರೂ, ಗುರಿ ದೊಡ್ಡದಾಗಿ ಕಂಡಂತೆ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. ಬೆದರಿದ ಮಗು ಟ್ರಿಗರನ್ನು ಥಟ್ಟನೆ ಎಳೆದು ಗುರಿ ಕೆಡಿಸಿಕೊಳ್ಳುತ್ತದೆ.

ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಮೊದಲು ತರಬೇತಿ ಕೇಂದ್ರದ ಪಿಸ್ತೂಲಿನಲ್ಲಿಯೇ ಕೆಲವು ತಿಂಗಳು ಅಭ್ಯಾಸವಾಗಲಿ. ಅನಂತರ ಮಗುವಿನ ಅಂಗೈಗೆ ಹಿಡಿ ಒಪ್ಪುತ್ತದೆಯೇ, ತೋಳಿಗೆ ತೂಕ ಹೊಂದುತ್ತದೆಯೇ ಎಂದು ನೋಡಿ ಕೊಳ್ಳಿರಿ. ಏರ್ ಪಿಸ್ತೂಲಿನ ಪೆಲೆಟ್ ಕಣ್ಣು ಕಳೆಯಬಲ್ಲದು. ಹಿರಿಯರ ಎದುರಿನಲ್ಲಲ್ಲದೆ ಅದು ಬೀಗದಿಂದ ಹೊರಬರಬಾರದು.