ಬೇಸಿಗೆಯಲ್ಲಿ ಮಲಗಿ ಮಳೆಗೆ ಏಳುವ ಹೂಗೆಡ್ಡೆಗಳು

ತಮಿಳುನಾಡಿನ ಕಂಬಂ ಕಣಿವೆಯ ಮನೆಯಂಗಳದಲ್ಲಿ ಟುಲಿಪ್ ಅರಳುವುದಿಲ್ಲ. ದಿಂಡಿಗಲ್ಲಿನಲ್ಲೂ ಇಲ್ಲ, ತೇನಿಯಲ್ಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆನ್‌ಲೈನ್ ಅಂಗಡಿಗಳಲ್ಲಿ ಚಂದದ ಚಿತ್ರ ನೋಡಿ ಟುಲಿಪ್, ಡ್ಯಾಫೊಡಿಲ್, ಹಯಸಿಂತ್ ಗೆಡ್ಡೆ ತರಿಸಿಕೊಳ್ಳುವವರು ಈಗ ಬಯಲುಸೀಮೆಯ ಊರುಗಳಲ್ಲೂ ಇದ್ದಾರೆ. ನಾಲ್ಕು ಎಲೆ ಬಂದು, ಮೊಗ್ಗು ಕತ್ತಿನಲ್ಲೇ ಕಮರಿದಾಗ ತಮ್ಮ ಕೈಗುಣವನ್ನೇ ಹಳಿದುಕೊಳ್ಳುತ್ತಾರೆ. ಕೈಗುಣದ್ದೇನೂ ತಪ್ಪಿಲ್ಲ. ಆ ಗೆಡ್ಡೆಗೆ 12ರಿಂದ 16 ವಾರ ಚಳಿ ಬೇಕು, ಅದೂ 9 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನ ಚಳಿ. ಅಷ್ಟು ಚಳಿ ತಿಂದ ಮೇಲೆಯೇ ಅದರೊಳಗಿನ ಹೂದೇಟು ನೀಳವಾಗಿ ಮೇಲೇಳುವುದು. ಶ್ರೀನಗರದಲ್ಲಿ 2007ರಲ್ಲಿ ತೆರೆದ ಟುಲಿಪ್ ತೋಟ ಪ್ರತಿ ವಸಂತದಲ್ಲಿ ತುಂಬಿ ನಿಲ್ಲುವುದು ದಾಲ್ ಸರೋವರದ ದಂಡೆಯ ಚಳಿಗಾಲದಿಂದಾಗಿ. ಫ್ರಿಜ್ಜಿನಲ್ಲಿ ಮೂರು ತಿಂಗಳಿಟ್ಟು ನೆಟ್ಟರೆ ಒಂದು ಸಲ ಹೂ ಸಿಕ್ಕೀತು. ಆದರೆ ಪಕ್ಕದಲ್ಲಿ ಸೇಬೋ ಮಾಗಿದ ಬಾಳೆಯೋ ಇದ್ದರೆ ಅದರಿಂದ ಹೊಮ್ಮುವ ಎಥಿಲಿನ್ ಅನಿಲಕ್ಕೆ ಒಳಗಿನ ಮೊಗ್ಗು ಸತ್ತುಹೋಗುತ್ತದೆ. ಹೂ ಬಂದರೂ ಮರುವರ್ಷ ಆ ಗೆಡ್ಡೆ ಮತ್ತೆ ಏಳುವುದಿಲ್ಲ.

ಚಳಿಯ ಈ ಲೆಕ್ಕ ತೇನಿ ಜಿಲ್ಲೆಯವರಿಗೆ ಹೊಸದೇನಲ್ಲ. ಪೆರಿಯಕುಳಂ ಬಳಿಯ ವಡುಗಪಟ್ಟಿ ಬೆಳ್ಳುಳ್ಳಿ ಮಾರುಕಟ್ಟೆಗೆ ಹೆಸರಾದ ಊರು. ಬೆಳ್ಳುಳ್ಳಿಯೂ ಗೆಡ್ಡೆಯೇ. ಗೆಡ್ಡೆ ಎಸಳೆಸಳಾಗಿ ಒಡೆಯಬೇಕಾದರೆ ಅದಕ್ಕೂ ತಂಪು ಬೇಕು. ಅದಕ್ಕೇ ಅದನ್ನು ಕೆಳಗಿನ ಬಯಲಿನಲ್ಲಿ ಬೆಳೆಯದೆ ಕೊಡೈಕೆನಾಲಿನ ಮೇಲುಬೆಟ್ಟಗಳಲ್ಲಿ, ಪೂಂಬಾರೈ, ಮನ್ನವನೂರು, ಕೂಕಾಲ್‌ನಂಥ ಹಳ್ಳಿಗಳ ಮೆಟ್ಟಿಲು ಹೊಲಗಳಲ್ಲಿ ಬೆಳೆಯುತ್ತಾರೆ. ಆ ‘ಮಲೈ ಪೂಂಡು’ವಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಹಾಗೆಂದು ಬಯಲಿನಲ್ಲಿ ಗೆಡ್ಡೆಹೂವೇ ಇಲ್ಲವೆಂದಲ್ಲ. ಗೆಡ್ಡೆ ಎನ್ನುವುದು ಕೆಟ್ಟ ಕಾಲವನ್ನು ಮಣ್ಣಿನಡಿ ಮಲಗಿ ಕಳೆಯಲು ಗಿಡ ಮಾಡಿಕೊಂಡ ಏರ್ಪಾಡು. ಹಿಮ ಬೀಳುವ ನಾಡಿನಲ್ಲಿ ಕೆಟ್ಟ ಕಾಲವೆಂದರೆ ಚಳಿ. ಇಲ್ಲಿ ಅದು ಫೆಬ್ರುವರಿಯಿಂದ ಮೇವರೆಗಿನ ಒಣಗು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಮುಂಗಾರು ಜಿನುಗಿ ಹೋಗುತ್ತದೆ, ನಿಜವಾದ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಕಣಿವೆಯ ಗದ್ದೆಗಳಿಗೆ 1895ರಿಂದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರಿದೆ. ಮನೆಯ ಹಿತ್ತಿಲಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಇಲ್ಲಿನ ಹಿತ್ತಿಲಿಗೆ ಬೇಕಾದದ್ದು ಬೇಸಿಗೆಯಲ್ಲಿ ಮಲಗುವ ಗೆಡ್ಡೆ. ಅಂಥವು ಬೇಕಾದಷ್ಟಿವೆ.

ಮೊದಲನೆಯದು ನಮ್ಮ ಗೌರಿಹೂವು, ಅಗ್ನಿಶಿಖೆ. ಮಲೆನಾಡಿನ ಬೇಲಿಗಳಲ್ಲಿ ಗೌರಿಹಬ್ಬದ ಹೊತ್ತಿಗೆ ಉರಿಯುವಂತೆ ಅರಳುವ ಈ ಬಳ್ಳಿ ತಮಿಳುನಾಡಿನ ರಾಜ್ಯಪುಷ್ಪ. ಅಲ್ಲಿ ಅದು ‘ಸೆಂಗಾಂದಳ್’. ಹೊಲದಲ್ಲಿ ಬೆಳೆಯುವವರ ಬಾಯಲ್ಲಿ ‘ಕಣ್ವಲಿ ಕಿಳಂಗು’. ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರಂ ಸುತ್ತಿನ ಒಣಭೂಮಿಯಲ್ಲಿ ಇದನ್ನು ಬೀಜಕ್ಕಾಗಿಯೇ ಬೆಳೆಯುತ್ತಾರೆ. ಬೀಜದಲ್ಲಿರುವ ಕಾಲ್ಚಿಸಿನ್ ಕೀಲುನೋವಿನ ಗೌಟ್ ಕಾಯಿಲೆಗೆ ಮದ್ದು, ಅದಕ್ಕೆ ಹೊರದೇಶಗಳಲ್ಲೂ ಬೇಡಿಕೆಯಿದೆ.

ಈ ಹೂವನ್ನು ಹತ್ತಿರದಿಂದ ನೋಡಬೇಕು. ಎಲೆಯ ತುದಿಯೇ ಸುರುಳಿಗೊಂಡು ಆಸರೆಯನ್ನು ಹಿಡಿಯುತ್ತದೆ, ಬೇರೆ ಕುಡಿಬಳ್ಳಿ ಇದಕ್ಕಿಲ್ಲ. ಹೂ ತಲೆಕೆಳಗಾಗಿ ತೂಗುತ್ತದೆ. ಆರು ಎಸಳುಗಳು ಮೇಲಕ್ಕೆ ಮಡಚಿಕೊಂಡು, ಮೊದಲ ದಿನ ಹಸಿರು ಬೆರೆತ ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕಡುಗೆಂಪು. ಕೆಳಗೆ ಕೇಸರಗಳು ಸುತ್ತಲೂ ಚಾಚಿದ್ದರೆ ಶಲಾಕೆ ಮಾತ್ರ ಬುಡದಲ್ಲೇ ಮುರಿದಂತೆ ಪಕ್ಕಕ್ಕೆ ತಿರುಗಿ ದೂರ ನಿಂತಿರುತ್ತದೆ. ತನ್ನ ಪರಾಗ ತನಗೇ ತಾಗದಿರಲೆಂಬ ಈ ಏರ್ಪಾಡು ಬೆಳೆಗಾರನಿಗೆ ಕಷ್ಟ ತಂದಿದೆ. ಹುಳಹುಪ್ಪಟೆಯನ್ನೇ ನಂಬಿದರೆ ಕಾಯಿ ಸಾಲದು. ಅದಕ್ಕೆ ಹೂಗಾಲದಲ್ಲಿ ಕೆಲಸದವರು ಬೆಳಿಗ್ಗೆ ಬೆಳಿಗ್ಗೆಯೇ ಸಾಲಿನಲ್ಲಿ ನಡೆದು ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಬೆಳ್ಳಗಿನ ಪೊರೆಯ ಕಾಯಿ ಒಡೆದಾಗ ಸಿಗುವ ಆ ಕೆಂಪು ಬೀಜದ ಹಿಂದೆ ಇಷ್ಟೊಂದು ಬೆರಳುಗಳ ದುಡಿಮೆಯಿದೆ.

ಮನೆಗೆ ಬೀಜ ಬೇಡ, ಹೂ ಸಾಕು. ಗೆಡ್ಡೆ ನೇಗಿಲಿನ ಹಾಗೆ ಎರಡು ತೋಳಿನದು. ಮೊಳಕೆಯ ಕಣ್ಣು ತೋಳಿನ ತುದಿಯಲ್ಲಷ್ಟೇ ಇರುತ್ತದೆ. ತುದಿ ಮುರಿದರೆ ಆ ತೋಳು ಎಷ್ಟು ದಪ್ಪವಿದ್ದರೂ ಚಿಗುರದು. ಕೊಳ್ಳುವಾಗ ತುದಿ ನೋಡಿಯೇ ಕೊಳ್ಳಬೇಕು, ಕೈಯಲ್ಲಿ ಮೆತ್ತಗೆ ಹಿಡಿಯಬೇಕು. ನೀರು ನಿಲ್ಲದ ಕೆಂಪುಮಣ್ಣು, ಹತ್ತಲು ಒಂದು ತಂತಿಯೋ ಬೇಲಿಯೋ ಇದ್ದರೆ ಮಳೆಯೊಂದಿಗೆ ಎದ್ದು, ಹೂಬಿಟ್ಟು, ಬೇಸಿಗೆಗೆ ಮುನ್ನ ಬಳ್ಳಿ ಪೂರಾ ಒಣಗುತ್ತದೆ. ಸತ್ತಿತೆಂದು ನೀರು ಹೊಯ್ದರೆ ಗೆಡ್ಡೆ ಕೊಳೆಯುತ್ತದೆ. ಒಂದು ಮಾತು ಮಾತ್ರ ಒತ್ತಿ ಹೇಳಬೇಕು: ಇದರ ಗೆಡ್ಡೆ, ಎಲೆ, ಬೀಜ ಎಲ್ಲವೂ ಪ್ರಾಣಕ್ಕೆ ಎರವಾಗುವ ವಿಷ. ಗೆಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಅಂಬೆಗಾಲಿಡುವ ಮಗು, ಮೇಯುವ ಕರು ಇರುವ ಮನೆಗೆ ಇದು ಸಲ್ಲದು. ಕಂಬಂ ಕಣಿವೆಯಲ್ಲಿ ಇಂದಿಗೂ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗ, ಕಾಪ್ಪಿಲಿಯ ಕುಟುಂಬಗಳಿವೆ. ದನಕರುಗಳನ್ನು ದೇವರೆಂದು ಕಾಣುವ ಆ ಒಕ್ಕಲು ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಅಂಥ ಮನೆಗೆ ನಾನು ಸೂಚಿಸುವುದು ಸುಗಂಧರಾಜ. ದಿಂಡಿಗಲ್ ಜಿಲ್ಲೆಯ ನೀಲಕ್ಕೋಟೆಯ ಹೂಮಾರುಕಟ್ಟೆಯಲ್ಲಿ ಮಲ್ಲಿಗೆ, ಕನಕಾಂಬರ, ಕಣಗಿಲೆಗಳ ನಡುವೆ ಕಿಲೋ ಲೆಕ್ಕದಲ್ಲಿ ತೂಗುವ ‘ಸಂಬಂಗಿ’ ಇದೇ. ಹುಟ್ಟೂರು ಮೆಕ್ಸಿಕೊ ಆದರೂ ನಮ್ಮ ಹಾರಗಳಲ್ಲಿ ಇದು ಪರದೇಶಿಯಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ತಳಿಗಳು ಇಲ್ಲಿನ ಹೊಲಗಳನ್ನೂ ಸೇರಿವೆ: ಹಾರಕ್ಕೆ ಒಂಟಿ ಸುತ್ತಿನ ಶೃಂಗಾರ್, ಪ್ರಜ್ವಲ್, ಹೂದಾನಿಗೆ ಎರಡು ಸುತ್ತಿನ ಸುವಾಸಿನಿ, ವೈಭವ್. ಹಿತ್ತಿಲಿಗೆ ಒಂಟಿ ಸುತ್ತಿನದೇ ಚೆಂದ. ವಾಸನೆ ಹೆಚ್ಚು, ಕಾಟ ಕಡಿಮೆ. ಶೃಂಗಾರ್ ತಳಿಗೆ ಬೇರುಗಂಟು ಹುಳುವನ್ನು ತಾಳುವ ಗುಣವೂ ಇದೆ.

ಸುಮಾರು 30 ಗ್ರಾಂ ತೂಗುವ, ಬೆರಳಿಗೆ ಗಟ್ಟಿಯಾಗಿ ಸಿಗುವ ಗೆಡ್ಡೆ ಆರಿಸಿ. ಅಗೆದ ಕೂಡಲೇ ನೆಡಬೇಡಿ. ಒಂದು ತಿಂಗಳು ನೆರಳಿನಲ್ಲಿ ಹರಡಿ ಆರಿಸಿದರೆ ಮೊಳಕೆ ಒಟ್ಟಿಗೆ ಬರುತ್ತದೆ. ಜೂನ್–ಜುಲೈನಲ್ಲಿ ಗೇಣಿಗೊಂದರಂತೆ, ತುದಿ ಮಣ್ಣಿಗೆ ಸಮನಾಗಿ ಕೂರುವಂತೆ ನೆಟ್ಟರೆ ಮೂರು ನಾಲ್ಕು ತಿಂಗಳಿಗೆ ಮೊದಲ ಕೋಲು. ಸಾಲಿನ ನಡುವೆ ಚೆಂಡುಹೂ ಹಾಕಿದರೆ ಅದರ ಬೇರಿನ ರಸಕ್ಕೆ ಬೇರುಗಂಟು ಹುಳು ಅಡಗುತ್ತದೆ. ಒಮ್ಮೆ ನೆಟ್ಟದ್ದು ಎರಡು ಮೂರು ವರ್ಷ ಹೂ ಕೊಟ್ಟು, ಆಮೇಲೆ ಮರಿಗೆಡ್ಡೆಗಳ ಒತ್ತಡದಲ್ಲಿ ಹೂಕೋಲು ಸಣ್ಣದಾಗುತ್ತದೆ. ಆಗ ಕಿತ್ತು, ದೊಡ್ಡವನ್ನು ನೆಟ್ಟು, ಮಿಕ್ಕಿದ್ದನ್ನು ನೆಂಟರಿಗೆ ಹಂಚಬೇಕು.

ಉಳಿದವುಗಳಿಗೆ ಇಷ್ಟು ಉಪಚಾರವೂ ಬೇಡ. ಮಳೆ ಲಿಲ್ಲಿ ಕುಂಡದ ಅಂಚಿನಲ್ಲಿ ಹುಲ್ಲಿನಂತೆ ಇದ್ದು, ಒಂದು ಒಳ್ಳೆಯ ಮಳೆಯಾದ ನಾಲ್ಕೈದು ದಿನಕ್ಕೆ ಗುಲಾಬಿ, ಬಿಳಿ ಹೂ ತುಂಬಿಕೊಳ್ಳುತ್ತದೆ. ಅಮರಿಲಿಸ್ ಎಂದೇ ನಮ್ಮಲ್ಲಿ ಕರೆಯುವ ದೊಡ್ಡ ಕೆಂಪು ಲಿಲ್ಲಿಯ ಕತ್ತು ಮಣ್ಣಿನ ಮೇಲೆ ಕಾಣುವಂತೆ ನೆಟ್ಟು, ಎರಡು ತಿಂಗಳು ನೀರು ತಡೆದರೆ ಬೇಸಿಗೆಯ ಮೊದಲ ಮಳೆಗೇ ಅರಳುತ್ತದೆ. ಮೇ ತಿಂಗಳಿನಲ್ಲಿ ಎಲೆಗೆ ಮುಂಚೆ ಕೆಂಪು ಚೆಂಡನ್ನೇ ಎತ್ತಿ ಹಿಡಿಯುವ ಫುಟ್‌ಬಾಲ್ ಲಿಲ್ಲಿಯೂ ಅಷ್ಟೇ. ನೆಟ್ಟು ಮರೆತರೆ ಸಾಕು.

ಚಳಿಹೂಗಳ ಆಸೆ ಬಿಡದವರು ಬೆಟ್ಟ ಹತ್ತಿ ನೋಡಿ ಬರಲಿ. ದಿಂಡಿಗಲ್ ಜಿಲ್ಲೆಯಲ್ಲೇ ಇರುವ ಕೊಡೈಕೆನಾಲ್ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಅಲ್ಲಿ 1908ರಲ್ಲಿ ಎಚ್.ಡಿ. ಬ್ರಯಂಟ್ ರೂಪಿಸಿದ ಬ್ರಯಂಟ್ ಪಾರ್ಕಿನಲ್ಲಿ ಮೇ ತಿಂಗಳ ಹೂಪ್ರದರ್ಶನ ಪ್ರಸಿದ್ಧ. ಡೇಲಿಯಾ, ಅಗಪಾಂತಸ್, ಹುಳಿಮಣ್ಣಿನಲ್ಲಿ ನೀಲಿ ತಾಳುವ ಹೈಡ್ರಾಂಜಿಯ ಅಲ್ಲಿ ಮನೆಮನೆಯ ಗಿಡಗಳು. ಅವನ್ನು ಕಂಬಮ್ಮಿಗೆ ಇಳಿಸಿ ತಂದರೆ ಗಿಡಕ್ಕೂ ಹಿಂಸೆ, ಮನಸ್ಸಿಗೂ ಹಿಂಸೆ.

ಇದು ಕಂಬಮ್ಮಿಗಷ್ಟೇ ಅಲ್ಲ, ಬಳ್ಳಾರಿ, ಕೋಲಾರ, ಚಾಮರಾಜನಗರದ ಒಣ ಹಿತ್ತಿಲುಗಳಿಗೂ ಹೊಂದುವ ಮಾತು. ಟುಲಿಪ್ ಪೊಟ್ಟಣಕ್ಕೆ ಕೊಡುವ ದುಡ್ಡಿಗೆ ಈ ಜೂನ್‌ನಲ್ಲಿ ಸುಗಂಧರಾಜದ ಗೆಡ್ಡೆ ಕೊಳ್ಳಿ, ಮಳೆ ಲಿಲ್ಲಿಯ ನಾಲ್ಕು ಗೆಡ್ಡೆಯನ್ನು ಅಕ್ಕಪಕ್ಕದವರಲ್ಲಿ ಕೇಳಿ ಪಡೆಯಿರಿ. ನೆಟ್ಟ ಜಾಗಕ್ಕೊಂದು ಕಡ್ಡಿ ಸಿಕ್ಕಿಸಿಡಿ, ಬೇಸಿಗೆಯಲ್ಲಿ ಮಲಗಿರುವ ಗೆಡ್ಡೆಯನ್ನು ಗೊತ್ತಿಲ್ಲದೆ ಗುದ್ದಲಿಯಿಂದ ಕಡಿಯುವುದು ತಪ್ಪುತ್ತದೆ.