ಜ್ವಾಲಾಮುಖಿಯ ಹೊಗೆಯನ್ನು ದೂರದಿಂದಲೇ ಅಳೆಯುವ ಉಪಕರಣಗಳು

ಜ್ವಾಲಾಮುಖಿಗಳಿಂದ ಹೊರಡುವ ಹೊಗೆಯಲ್ಲಿ ಬೂದಿಯಲ್ಲದೆ ನೀರಾವಿ, ಇಂಗಾಲದ ಡಯಾಕ್ಸೈಡ್, ಗಂಧಕದ ಡಯಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಮೊದಲಾದ ಅನಿಲಗಳೂ ಸೇರಿರುತ್ತವೆ. ಇವುಗಳಿಂದ ಪೈರಿಗೂ ಜಾನುವಾರುಗಳಿಗೂ ಆಗುವ ಹಾನಿಯು ಅಲ್ಪವಾದುದಲ್ಲ. 1783ರಲ್ಲಿ ಐಸ್‌ಲೆಂಡ್ ದ್ವೀಪದ ಲಾಕಿ ಎಂಬಲ್ಲಿ ಭೂಮಿಯು ಬಿರಿದು ಅನಿಲವು ಹೊರಬಿದ್ದಾಗ, ಹುಲ್ಲಿನ ಮೇಲೆ ಕುಳಿತ ಫ್ಲೋರೀನ್ ವಿಷದಿಂದಲೂ ಮೇವಿನ ಅಭಾವದಿಂದಲೂ ಆ ದೇಶದ ದನಗಳಲ್ಲಿ ಸುಮಾರು ಅರ್ಧದಷ್ಟೂ, ಕುರಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚೂ ನಾಶವಾದುವು. ಅದನ್ನನುಸರಿಸಿ ಬಂದ ಕ್ಷಾಮದಲ್ಲಿ ಜನರಲ್ಲಿ ಸುಮಾರು ಐದನೆಯ ಒಂದು ಪಾಲು ಅಳಿದುಹೋಯಿತು. ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ಮಸಾಯಾ ಜ್ವಾಲಾಮುಖಿಯ ಅನಿಲವು ಗಾಳಿ ಬೀಸುವ ಕಡೆಯ ಕಾಫಿ ತೋಟಗಳನ್ನು ಕೆಡಿಸಿದೆ.

ಈ ಅನಿಲವನ್ನು ಅಳೆಯುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ಭೂಗರ್ಭದ ಕರಗಿದ ಶಿಲೆಯು ಮೇಲಕ್ಕೆ ಏರಿದಂತೆ ಅದರ ಮೇಲಿನ ಒತ್ತಡವು ಕಡಮೆಯಾಗಿ, ಒಳಗೆ ಅಡಗಿದ್ದ ಅನಿಲವು ಬಿಡುಗಡೆಯಾಗುತ್ತದೆ. ಆದುದರಿಂದ ಅನಿಲದ ಪ್ರಮಾಣವು ಮುಂದಾಗಬಹುದಾದ ಸ್ಫೋಟಕ್ಕೆ ಒಂದು ಸೂಚನೆಯಾಗಿರುವುದು. ಆದರೆ ಕುಳಿಯ ಬಳಿಗೆ ಹೋಗಿ ಸೀಸೆಗಳಲ್ಲಿ ಅನಿಲವನ್ನು ಹಿಡಿಯುವುದು ಅಪಾಯಕರ. 1993ನೆಯ ಜನವರಿ 14ರಲ್ಲಿ ಕೊಲಂಬಿಯಾ ದೇಶದ ಗಲೆರಾಸ್ ಪರ್ವತವು ಹಠಾತ್ತಾಗಿ ಸ್ಫೋಟಿಸಿ, ಆರು ಮಂದಿ ವಿಜ್ಞಾನಿಗಳೂ ಮೂವರು ಪ್ರವಾಸಿಗಳೂ ಮೃತರಾದರು.

ದೂರದಿಂದ ಅಳೆಯುವುದಕ್ಕೆ ಸೂರ್ಯನ ಬೆಳಕೇ ಸಾಧನ. ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳಲ್ಲಿ ಕೆಲವನ್ನು ಗಂಧಕದ ಡಯಾಕ್ಸೈಡ್ ಹೀರಿಕೊಳ್ಳುತ್ತದೆ. ಹೊಗೆಯ ಮೂಲಕ ಹಾದುಬಂದ ಬೆಳಕಿನಲ್ಲಿ ಆ ಕಿರಣಗಳು ಎಷ್ಟು ಕುಂದಿರುವುವೆಂಬುದನ್ನು ನೋಡಿ ಅನಿಲದ ಮೊತ್ತವನ್ನು ಕಂಡುಹಿಡಿಯುತ್ತಾರೆ. ನೀರಾವಿಯೂ ಇಂಗಾಲದ ಡಯಾಕ್ಸೈಡೂ ಸಾಮಾನ್ಯ ಗಾಳಿಯಲ್ಲಿಯೇ ಇರುವುದರಿಂದ ಜ್ವಾಲಾಮುಖಿಯ ಪಾಲನ್ನು ಬೇರ್ಪಡಿಸುವುದು ಕಷ್ಟ; ಗಂಧಕದ ಅನಿಲಕ್ಕೆ ಈ ತೊಡಕಿಲ್ಲ.

ಈ ಕೆಲಸಕ್ಕೆ ಮೊದಲು ಬಳಸಲ್ಪಟ್ಟ ಉಪಕರಣವು ಕಾಸ್ಪೆಕ್ ಎಂಬುದು. ಇದು 1960ರ ದಶಕದಲ್ಲಿ ಕಾರ್ಖಾನೆಗಳ ಹೊಗೆಯನ್ನು ಪರೀಕ್ಷಿಸುವುದಕ್ಕಾಗಿ ಕೆನಡಾದಲ್ಲಿ ನಿರ್ಮಿತವಾಯಿತು. 1970ರ ದಶಕದ ಆದಿಯಿಂದ ಜ್ವಾಲಾಮುಖಿಗಳಿಗೂ ಉಪಯೋಗಿಸಲ್ಪಟ್ಟಿತು. ಉಪಕರಣವನ್ನು ಮೋಟಾರು ಗಾಡಿಯಲ್ಲಿಯೋ ವಿಮಾನದಲ್ಲಿಯೋ ಇಟ್ಟು, ಹೊಗೆಯ ಕೆಳಗೆ ಅಡ್ಡಲಾಗಿ ಸಾಗುತ್ತಾರೆ. ಲೆಕ್ಕದ ಕ್ರಮವು ಕಾಲುವೆಯ ನೀರನ್ನು ಅಳೆಯುವ ಕ್ರಮದಂತೆಯೇ ಇರುವುದು. ಕಾಲುವೆಯ ಅಗಲ, ಆಳಗಳನ್ನು ನೀರಿನ ವೇಗದಿಂದ ಗುಣಿಸುವಂತೆ, ಇಲ್ಲಿ ಹೊಗೆಯ ಅಡ್ಡಕ್ಕೆ ದೊರೆತ ಅನಿಲದ ಮೊತ್ತವನ್ನು ಗಾಳಿಯ ವೇಗದಿಂದ ಗುಣಿಸಿದರೆ ದಿನಕ್ಕೆ ಎಷ್ಟು ಟನ್ನುಗಳೆಂಬುದು ತಿಳಿಯುವುದು. ಹೊಗೆಯ ಎತ್ತರದಲ್ಲಿ ಗಾಳಿಯ ವೇಗವನ್ನು ಸರಿಯಾಗಿ ತಿಳಿಯುವುದು ಸುಲಭವಲ್ಲ. ಲೆಕ್ಕದಲ್ಲಿ ಬರುವ ತಪ್ಪುಗಳಿಗೆ ಅನೇಕವೇಳೆ ಇದೇ ಮುಖ್ಯ ಕಾರಣ.

1991ರಲ್ಲಿ ಫಿಲಿಪೈನ್ಸ್ ದ್ವೀಪಗಳ ಪಿನಾಟುಬೊ ಪರ್ವತದಲ್ಲಿ ಈ ಅಳತೆಯು ಬಹಳ ಉಪಯುಕ್ತವಾಯಿತು. ಮೇ 13ರಲ್ಲಿ ದಿನಕ್ಕೆ ಸುಮಾರು 500 ಟನ್ನುಗಳಿದ್ದ ಗಂಧಕದ ಡಯಾಕ್ಸೈಡ್, ಮೇ 28ರ ವೇಳೆಗೆ 5,000 ಟನ್ನುಗಳನ್ನು ಮೀರಿತು. ಅನಂತರ ಅದು ಇಳಿಯತೊಡಗಿತು. ಇದನ್ನು ಶಾಂತಿಯ ಲಕ್ಷಣವೆಂದು ಭಾವಿಸದೆ, ಅನಿಲದ ದಾರಿಯು ಮುಚ್ಚಿ ಒಳಗಿನ ಒತ್ತಡವು ಹೆಚ್ಚುತ್ತಿರಬಹುದೆಂದು ವಿಜ್ಞಾನಿಗಳು ಸಂಶಯಪಟ್ಟರು. ಭೂಕಂಪನಗಳೂ ಇದಕ್ಕೆ ಅನುಗುಣವಾಗಿದ್ದುವು. ಹತ್ತಾರು ಸಾವಿರ ಜನರನ್ನು ಸ್ಥಳಾಂತರಿಸಿದ ಮೇಲೆ ಜೂನ್ 15ರಲ್ಲಿ ಮಹಾಸ್ಫೋಟವಾಯಿತು. ಅನೇಕ ಸಹಸ್ರ ಪ್ರಾಣಗಳು ಉಳಿದುವು. ಆದರೆ ಹೊಲಗದ್ದೆಗಳು ಬೂದಿಯಿಂದ ಮುಚ್ಚಿಹೋದುವು.

ಈಚೆಗೆ ಉಪಕರಣಗಳು ಬಹಳ ಸುಧಾರಿಸಿವೆ. ಕಾಸ್ಪೆಕ್ ಭಾರವಾದುದು, ಬೆಲೆಯೂ ಹೆಚ್ಚು. 2000ದ ನಂತರ ಬಂದ ಸಣ್ಣ ವರ್ಣಪಟಲ ಮಾಪಕಗಳನ್ನು ಒಬ್ಬನೇ ಸುಲಭವಾಗಿ ಒಯ್ಯಬಹುದು. 2005ರಲ್ಲಿ ಆರಂಭವಾದ ನೋವಾಕ್ ಎಂಬ ಯೋಜನೆಯಂತೆ ಇಂತಹ ಮಾಪಕಗಳನ್ನು ಅನೇಕ ಜ್ವಾಲಾಮುಖಿಗಳ ಸುತ್ತ ಸ್ಥಾಪಿಸಲಾಗಿದೆ. ಅವು ಹಗಲೆಲ್ಲ ಆಕಾಶವನ್ನು ತಾವಾಗಿಯೇ ಪರೀಕ್ಷಿಸುತ್ತವೆ. ಕೆಂಪಿನಾಚೆಯ ಕಿರಣಗಳನ್ನು ನೋಡುವ ಬೇರೊಂದು ಬಗೆಯ ಉಪಕರಣವು, ಕಾದ ಶಿಲೆಯ ಕಿರಣಗಳನ್ನೇ ಬಳಸಿ, ಮೇವಿಗೆ ವಿಷವಾಗುವ ಹೈಡ್ರೋಜನ್ ಫ್ಲೋರೈಡನ್ನು ಸಹ ಗುರುತಿಸಬಲ್ಲುದು. 2017ರಲ್ಲಿ ಆಕಾಶಕ್ಕೆ ಹಾರಿಸಿದ ಉಪಗ್ರಹದಲ್ಲಿರುವ ಟ್ರೊಪೊಮಿ ಎಂಬ ಮಾಪಕವು ಭೂಮಂಡಲದ ಮೇಲಿನ ಇಂತಹ ಹೊಗೆಗಳನ್ನು ಗಮನಿಸುತ್ತದೆ.

ಅತಿನೇರಿಳೆ ಮಾಪಕಗಳಿಗೆ ರಾತ್ರಿಯಲ್ಲಿ ಕೆಲಸವಿಲ್ಲ. ದಟ್ಟವಾದ ಮೋಡವೂ ಅಡ್ಡಿ. ಅನಿಲವು ಹೆಚ್ಚಿದರೂ ಇಳಿದರೂ ಅದೊಂದರಿಂದಲೇ ನಿರ್ಣಯಕ್ಕೆ ಬರಲಾಗದು. ಭೂಕಂಪನ, ನೆಲದ ಉಬ್ಬು ಇವುಗಳೊಡನೆ ಸೇರಿಸಿ ನೋಡತಕ್ಕದ್ದು. ಹಾಗೆ ನೋಡಿದಲ್ಲಿ, ಪರ್ವತದ ತಪ್ಪಲಿನ ಬೇಸಾಯಗಾರನಿಗೆ ಕುಟುಂಬವನ್ನೂ ಜಾನುವಾರುಗಳನ್ನೂ ಸಾಗಿಸಿಕೊಳ್ಳಲು ಕೆಲವು ದಿನಗಳ ಅವಕಾಶವಾದರೂ ದೊರೆಯುವ ಸಂಭವವುಂಟು.